ಲಕ್ಕಣ್ಣ ತಲೆ ಕಪ್ಪು ಮಾಡಿಕೊಂಡದ್ದು

ಶಿವನಿ ಸ್ಟೇಷನ್ನಿನ ಗ್ಯಾಂಗಿನಲ್ಲಿ ಲಕ್ಕಣ್ಣ ಹದಿನೆಂಟು ವರ್ಷದಿಂದ ಹಳಿ ಕಾಯುತ್ತಿದ್ದ. ದಿನಾ ಬೆಳಿಗ್ಗೆ ಸುತ್ತಿಗೆಯನ್ನೂ ಕೆಂಪು, ಹಸಿರು ಬಾವುಟಗಳನ್ನೂ ಹಿಡಿದು ಅಜ್ಜಂಪುರದ ಕಡೆಗೆ ಮೂರು ಮೈಲಿ ನಡೆಯುವುದು, ಸಡಿಲಾದ ಮೊಳೆಗಳನ್ನು ಬಿಗಿ ಮಾಡುವುದು ಅವನ ಕೆಲಸ. ವಯಸ್ಸು ನಲವತ್ತೇಳು. ತಲೆ ಮಾತ್ರ ಮೂವತ್ತೈದಕ್ಕೇ ಹತ್ತಿಯಂತಾಗಿತ್ತು. ಅವರ ವಂಶವೇ ಹಾಗೆ.

ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆಯಲ್ಲಿ, ರೈಲಿನವರು ಆಳು ಕಡಿಮೆ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಶನಿವಾರ ಸಾಹೇಬರ ತಪಾಸಣೆ ಇತ್ತು. ಬುಧವಾರ ಸಂಜೆ ಮೇಸ್ತ್ರಿ ಬೆನಕಪ್ಪ ಲಕ್ಕಣ್ಣನನ್ನು ಪಕ್ಕಕ್ಕೆ ಕರೆದ.

“ಬೀರೂರಲ್ಲಿ ತಲೆ ಬೆಳ್ಳಗಾದೋರ್ನೆಲ್ಲ ಮನೆಗೆ ಕಳಿಸಿದ್ರಂತೆ ಕಣಪ್ಪ. ನೀನು ಹುಟ್ಟಿದ ತಾರೀಕು ಎಲ್ಲೂ ಬರೆದಿಲ್ಲ. ನಿನ್ನ ನೋಡಿದ್ರೆ ಅರವತ್ತು ಅಂತಾರೆ.”

ಅಣ್ಣತಮ್ಮಂದಿರು ಹೊಲ, ತೆಂಗಿನ ತೋಟ ಪಾಲು ಮಾಡಿಕೊಂಡಾಗ, ರೈಲಿನ ಸಂಬಳವಿದೆಯೆಂದು ಲಕ್ಕಣ್ಣ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದ. ರೈಲಿನವರು ಕೊಟ್ಟ ಎರಡು ಕೋಣೆ ಬಿಟ್ಟರೆ ಅವನಿಗೂ ಹೆಂಡತಿ ಲಿಂಗಮ್ಮನಿಗೂ ಬೇರೆ ಸೂರಿರಲಿಲ್ಲ.

ಗುರುವಾರ ರಜೆ ಹೇಳಿ, ಬೀರೂರಲ್ಲಿ ಗಾಡಿ ಬದಲಿಸಿ, ತರೀಕೆರೆ ಪೇಟೆಯ ತಿಮ್ಮರಾಯಪ್ಪನ ಅಂಗಡಿಗೆ ಹೋದ. ಔಷಧಿ, ಎಣ್ಣೆ, ಬಣ್ಣ ಎಲ್ಲ ಮಾರುವ ಅಂಗಡಿ ಅದು. ತಲೆಗೆ ಕಪ್ಪು ಬಣ್ಣ ಬೇಕೆಂದಾಗ ತಿಮ್ಮರಾಯಪ್ಪ ಸಮಾಧಾನವಾಗಿ ಕೇಳಿಸಿಕೊಂಡ.

“ಗೋರಂಟಿ ಪುಡಿ, ನೀಲಿ ಸೊಪ್ಪಿನ ಪುಡಿ ತರಿಸ್ತೀನಿ, ಸೋಮವಾರ ಬನ್ನಿ. ಮೊದಲು ಗೋರಂಟಿ, ಅದರ ಮೇಲೆ ನೀಲಿ. ಕೂದಲೂ ಕಪ್ಪಾಗ್ತದೆ, ಚರ್ಮಕ್ಕೂ ತೊಂದ್ರೆ ಇಲ್ಲ.”

“ನಂಗೆ ನಾಳಿದ್ದು ಬೆಳಿಗ್ಗೆಗೆ ಬೇಕು ಸ್ವಾಮಿ. ಹೋದ ವರ್ಷ ತಂಗಿ ಮಗಳ ಮದುವೇಲಿ ಸೀಸೆ ಬಣ್ಣ ಹಚ್ಕೊಂಡಿದ್ದೆ. ಏನೂ ಆಗ್ಲಿಲ್ಲ.”

ತಿಮ್ಮರಾಯಪ್ಪ ಒಲ್ಲದ ಮನಸ್ಸಿನಿಂದ ಒಂದು ಸಣ್ಣ ಸೀಸೆ ತೆಗೆದ. “ಇದ್ರಲ್ಲಿ ಏನು ಬೆರೆಸವ್ರೋ ಚೀಟಿ ಮೇಲೆ ಬರೆದಿಲ್ಲ. ಅದಕ್ಕೇ ನಾನಾಗಿ ಯಾರಿಗೂ ಕೊಡಲ್ಲ. ಬೇಕೇ ಬೇಕು ಅಂದ್ರೆ, ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಕಡಿತ ಬಂದ್ರೆ ತಿಪ್ಪೆಗೆ ಎಸೀರಿ.”

ಲಕ್ಕಣ್ಣ ಹಾಗೆಯೇ ಮಾಡಿದ. ಶುಕ್ರವಾರ ಮಧ್ಯಾಹ್ನಕ್ಕೆ ಕಿವಿಯ ಹಿಂದೆ ಉರಿ ಶುರುವಾಯಿತು. ಸಂಜೆ ಲಿಂಗಮ್ಮ ಕಿವಿ ಮಡಿಸಿ ನೋಡಿದಳು.

“ಸಾಸಿವೆ ಕಾಳಿನಂಗೆ ಗುಳ್ಳೆ ಎದ್ದವೆ. ಹಚ್ಕೋಬ್ಯಾಡಿ.”

“ಕಡಿದ್ರೆ ಕಡೀಲಿ. ಸಾಯ್ತೀನೇನು?”

“ಅಂಗಡಿಯವ್ರು ಎಸೀರಿ ಅಂದವ್ರಲ್ಲ.”

“ಅಂಗಡಿಯವ್ರು ನಾಳೆ ಕೆಲಸ ಕೊಡ್ತಾರೇನೇ?”

ಲಿಂಗಮ್ಮ ಸೀಸೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ನಿಂತಳು. ಲಕ್ಕಣ್ಣ ಕಿತ್ತುಕೊಳ್ಳಲು ಹೋಗಲಿಲ್ಲ. ಹೊಸಿಲ ಮೇಲೆ ಕುಸಿದು ಕೂತ.

“ಇಲ್ಲಿಂದ ಎಲ್ಲಿಗೆ ಹೋಗಣ, ಅದೊಂದು ಹೇಳು ಲಿಂಗಿ. ಈಗ್ಲೇ ಬಿಸಾಕ್ತೀನಿ.”

ಕೊನೆಗೆ ಲಿಂಗಮ್ಮ ಸೀಸೆಯನ್ನು ಸೆರಗಿನಿಂದ ಹೊರಗೆ ತೆಗೆದಳು. ಕಡ್ಡಿಗೆ ಬಟ್ಟೆ ಸುತ್ತಿ ತಾನೇ ಅವನ ತಲೆಗೆ ಬಣ್ಣ ಬಳಿದಳು. ಹಣೆಯಿಂದ ಎಡಗಣ್ಣಿಗೆ ಇಳಿದ ಹನಿಯನ್ನು ಸೆರಗಿನಿಂದ ಒರೆಸಿದಳು.

ಶನಿವಾರ ಎದ್ದಾಗ ಲಕ್ಕಣ್ಣನಿಗೆ ಬೆಳಕಾದದ್ದು ತಿಳಿಯಲಿಲ್ಲ. ಹಣೆ ಊದಿ ಜೋತಿತ್ತು, ರೆಪ್ಪೆಗಳು ಅಂಟಿಕೊಂಡಿದ್ದವು, ನೆತ್ತಿಯಿಂದ ನೀರು ಸೋರುತ್ತಿತ್ತು. ಕೂದಲು ಮಾತ್ರ ಕಾಡಿಗೆಯಷ್ಟು ಕಪ್ಪಾಗಿತ್ತು. ಅದು ಸಾಹೇಬರಿಗೆ ಕಾಣಲೆಂದು ಅವನು ರುಮಾಲು ಸುತ್ತಲಿಲ್ಲ. ಲಿಂಗಮ್ಮನ ಕೈ ಹಿಡಿದು ಸ್ಟೇಷನ್ನಿಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಸಾಹೇಬರು ಒಬ್ಬೊಬ್ಬರಿಗೂ ಒಂದೊಂದು ಕಣ್ಣು ಮುಚ್ಚಿಸಿ, ದೂರದಲ್ಲಿ ಎತ್ತಿದ ಬಾವುಟದ ಬಣ್ಣ ಕೇಳುತ್ತಿದ್ದರು. ಐವತ್ತು ದಾಟಿದ, ಗಡ್ಡವೂ ನೆರೆತ, ಅದೇ ಗ್ಯಾಂಗಿನ ಬೀರಪ್ಪ ಸರಿಯಾಗಿ ಹೇಳಿದ. “ಸರಿ, ಕೆಲಸಕ್ಕೆ ಹೋಗು” ಎಂದರು ಸಾಹೇಬರು. ಅದು ಕಿವಿಗೆ ಬಿದ್ದಾಗ ಲಕ್ಕಣ್ಣ ತನ್ನ ತಲೆ ಮುಟ್ಟಿಕೊಂಡ. ತನ್ನ ಸರದಿ ಬಂದಾಗ ಬೆರಳಿಂದ ರೆಪ್ಪೆ ಬಿಡಿಸಲು ನೋಡಿದ. ಉರಿ ಬಿಟ್ಟರೆ ಏನೂ ಕಾಣಲಿಲ್ಲ.

“ಹಸಿರು, ಸ್ವಾಮಿ” ಎಂದ.

ಬಾವುಟವನ್ನು ಇನ್ನೂ ಎತ್ತಿರಲಿಲ್ಲ.

“ಮುಖಕ್ಕೆ ಏನಾಗಿದೆ?” ಎಂದರು ಸಾಹೇಬರು.

“ಹೆಜ್ಜೇನು ಕಡೀತು ಸ್ವಾಮಿ” ಎಂದು ಬೆನಕಪ್ಪ ನಡುವೆ ಬಾಯಿ ಹಾಕಿದ.

“ಇಲ್ಲ, ಬಣ್ಣ ಹಚ್ಕೊಂಡೆ” ಎಂದ ಲಕ್ಕಣ್ಣ. “ಬೆಳ್ಳಗಿರೋ ತಲೆ ನೋಡಿ ತೆಗೆದ್ಹಾಕ್ತೀರ ಅಂದ್ರು.”

ಸಾಹೇಬರು ಕೈಯಲ್ಲಿದ್ದ ಪಟ್ಟಿ ಮಡಿಸಿದರು. “ನಾನು ಬಂದದ್ದು ಕಣ್ಣು ನೋಡೋದಕ್ಕೆ. ತಲೆ ನೋಡೋದಕ್ಕಲ್ಲ. ಮೊದಲು ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಒಂದು ತಿಂಗಳು ಬಿಟ್ಟು ಕಡೂರಲ್ಲಿ ಇನ್ನೊಂದು ಸಲ ನೋಡೋಣ.”

ಅಜ್ಜಂಪುರದ ಆಸ್ಪತ್ರೆಯಲ್ಲಿ ಕಾಂಪೌಂಡರ್ ತೀರ್ಥಪ್ಪ ತಲೆ ಬೋಳಿಸಿ, ಹುಣ್ಣು ತೊಳೆದು ಮುಲಾಮು ಹಚ್ಚಿದ. ಬಲಗಣ್ಣು ಎಂಟು ದಿನದಲ್ಲಿ ತೆರೆಯಿತು. ಬಣ್ಣ ಇಳಿದು ಹುಣ್ಣಾಗಿದ್ದ ಎಡಗಣ್ಣಿನ ಮೇಲೆ ಬಿಳಿ ಪೊರೆ ಉಳಿಯಿತು. ಲಕ್ಕಣ್ಣ ದಿನಕ್ಕೆ ಹತ್ತು ಸಲ ಬಲಗಣ್ಣು ಮುಚ್ಚಿ ಲಿಂಗಮ್ಮನ ಸೀರೆಯ ಬಣ್ಣ ಹೇಳುತ್ತಿದ್ದ. ಅವಳಿಗೆ ಇದ್ದದ್ದು ಎರಡೇ ಸೀರೆ. ಆದ್ದರಿಂದ ಒಮ್ಮೊಮ್ಮೆ ಸರಿಯಾಗುತ್ತಿತ್ತು.

ಕಡೂರಿನಲ್ಲಿ ಬಾವುಟ ಎತ್ತಿದಾಗ ಬಲಗಣ್ಣು ಕೆಂಪನ್ನು ಕೆಂಪೆಂದೇ ಕಂಡಿತು. ಎಡಗಣ್ಣಿಗೆ ಬರೀ ಹೊಗೆ. ಅವನು ಊಹಿಸಿ ಹೇಳಲು ಬಾಯಿ ತೆರೆದ. ಹಳಿಯ ಮೇಲೆ ಬರುವ ಗಾಡಿ ತುಂಬಾ ಜನವಿರುತ್ತಾರೆಂಬುದು ನೆನಪಾಯಿತು.

“ಕಾಣಾಕಿಲ್ಲ ಸ್ವಾಮಿ” ಎಂದ.

ಹೊರಗೆ ಬೇವಿನ ಮರದ ಕೆಳಗೆ ಲಿಂಗಮ್ಮ ಕಾಯುತ್ತಿದ್ದಳು. ಅವನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

“ಮನೆ ಬಿಡಾಕೆ ಎಷ್ಟು ದಿನ ಕೊಟ್ಟವ್ರೆ?” ಎಂದಳು.

“ಹದಿನೈದು” ಎಂದು ಲಕ್ಕಣ್ಣ ನೆಲ ನೋಡುತ್ತಾ ಕೂತ.