ಕಾಲಿಲ್ಲದ ಪೆಟ್ಟಿಗೆಯ ಕಾಲ್ಗುಣ

ನಾನೊಂದು ಸರ್ವರ್. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ದಪ್ಪ ಪುಸ್ತಕ ಒಂದರ ಮೇಲೊಂದು ಇಟ್ಟಷ್ಟು ಎತ್ತರ, ಮೈಯೆಲ್ಲ ಕಪ್ಪು ತಗಡು, ಮುಂದೆ ಹಸಿರು ದೀಪಗಳ ಸಾಲು, ಇಷ್ಟೇ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ಹಾಕಿಕೊಂಡ ಹೆಣ್ಣುಮಗಳೊಬ್ಬಳು ನನ್ನ ಹೊಟ್ಟೆಯಲ್ಲಿ ಫ್ಯಾನು ಕೂರಿಸಿ, ತಿರುಪು ಬಿಗಿದು, ಒಮ್ಮೆ ಚಾಲೂ ಮಾಡಿ ನೋಡಿ ಮುಚ್ಚಳ ಹಾಕಿದಳು. ಅವಳ ಮುಖವನ್ನು ಸರಿಯಾಗಿ ನೋಡುವ ಮೊದಲೇ ನನ್ನನ್ನು ಥರ್ಮೋಕೋಲಿನ ನಡುವೆ ತುರುಕಿ ಡಬ್ಬಿ ಅಂಟಿಸಿಬಿಟ್ಟರು. ಆಮೇಲೆ ಹಡಗು, ಗೋದಾಮು, ಲಾರಿ. ಮತ್ತೆ ಬೆಳಕು ಕಂಡಾಗ ನಾನು ಹುಬ್ಬಳ್ಳಿಯಲ್ಲಿದ್ದೆ.

ಡಬ್ಬಿ ಬಿಚ್ಚಿದವಳು ನೀಲಗಂಗಾ ಅಂಗಡಿ. ಸಂಪಿಗೆ ಪಂಪ್ಸ್ ಎಂಬ ಕಂಪನಿಯ ನೆಟ್‌ವರ್ಕ್ ಎಂಜಿನಿಯರ್. ಹೊಲದ ಬಾವಿಗೆ, ಕೊಳವೆಬಾವಿಗೆ ಬೇಕಾದ ಪಂಪುಗಳನ್ನು ಮಾಡುವ ಕಂಪನಿ ಅದು. ನೀಲಗಂಗಾ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಗಾಜಿನ ಕೋಣೆಯ ಕಪಾಟಿನಲ್ಲಿ ಕೂರಿಸಿದಳು. ನನ್ನ ಕೆಲಸ ಬಾಗಿಲು ಕಾಯುವುದು. ಊರೂರಲ್ಲಿ ಕೂತು ಕೆಲಸ ಮಾಡುವವರು ಕಂಪನಿಯ ಒಳಗಿನ ಕಂಪ್ಯೂಟರುಗಳನ್ನು ಮುಟ್ಟಬೇಕಾದರೆ ನನ್ನ ಮುಂದೆ ಬಂದು ಹೆಸರು, ಗುಟ್ಟಿನ ಸಂಖ್ಯೆ ಹೇಳಬೇಕು. ಪರೀಕ್ಷಿಸಿ ಒಳಗೆ ಬಿಡುತ್ತೇನೆ. ಅವರು ಆಡುವ ಮಾತು ಹಾದಿಯಲ್ಲಿ ಬೇರೆ ಯಾರ ಕಿವಿಗೂ ಬೀಳದಂತೆ ಮುಚ್ಚಿ ತರುತ್ತೇನೆ. ಇದಕ್ಕೆ ವಿಪಿಎನ್ ಅನ್ನುತ್ತಾರೆ.

ನಾನು ಕೆಲಸಕ್ಕೆ ನಿಂತ ದಿನವೇ ಮಹಾರಾಷ್ಟ್ರದಿಂದ ಕಂಪನಿಗೆ ಭಾರೀ ಆರ್ಡರು ಬಂತು. ಅದಕ್ಕೂ ನನಗೂ ಏನು ಸಂಬಂಧ? ಆದರೂ ಐ.ಟಿ. ವಿಭಾಗದ ಮ್ಯಾನೇಜರು ವೀರಭದ್ರ ಶಿರೂರ ಸರ್ ಗಾಜಿನ ಬಾಗಿಲಲ್ಲಿ ನಿಂತು, ಇದರ ಕಾಲ್ಗುಣ ಬಹಳ ಚೆನ್ನಾಗಿದೆ ಎಂದು ಘೋಷಿಸಿಬಿಟ್ಟರು. ಕಾಲೇ ಇಲ್ಲದ ಪೆಟ್ಟಿಗೆಗೆ ಕಾಲ್ಗುಣವಂತೆ! ಸುಳ್ಳು ಯಾಕೆ ಹೇಳಲಿ, ಕೇಳಿ ಖುಷಿಯಾಯಿತು. ಆ ಹೊಗಳಿಕೆ ಮುಂದೆ ನನ್ನ ಪ್ರಾಣಕ್ಕೆ ಬರುತ್ತದೆ ಎಂದು ನನಗಾದರೂ ಏನು ಗೊತ್ತು.

ಮೊದಮೊದಲು ನನ್ನ ಬಾಗಿಲಿಗೆ ಬರುತ್ತಿದ್ದವರು ಊರೂರು ತಿರುಗುವ ರಿಪೇರಿಯವರು ಮಾತ್ರ. ಆಮೇಲೆ ಲೆಕ್ಕದ ವಿಭಾಗದವರು ಬಂದರು. ಆಮೇಲೆ ಆರ್ಡರು ಬರೆದುಕೊಳ್ಳುವ ಹೆಣ್ಣುಮಕ್ಕಳಿಗೆಲ್ಲ ಕಂಪನಿ ಮನೆಯಿಂದಲೇ ಕೆಲಸ ಕೊಟ್ಟಿತು. ಅವರಲ್ಲಿ ಲಕ್ಷ್ಮೇಶ್ವರದ ಶಾಹೀನ್ ಮುಲ್ಲಾ ಒಬ್ಬಳು. ಮೊಲೆ ಕುಡಿಯುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಡೀಲರುಗಳ ಆರ್ಡರು ಟೈಪಿಸುವವಳು. ಕೂಸಿಗೆ ಕೀಬೋರ್ಡು ಸಿಕ್ಕರೆ ನನ್ನ ಬಾಗಿಲಲ್ಲಿ ಅರ್ಥವಿಲ್ಲದ ಅಕ್ಷರಗಳ ಮಳೆ ಸುರಿಯುತ್ತಿತ್ತು. ಎಷ್ಟು ಸಿಟ್ಟಿನಲ್ಲಿದ್ದರೂ ಆಗ ನನಗೆ ನಗು ಬರುತ್ತಿತ್ತು.

ಸಂಪಿಗೆ ಪಂಪ್ಸ್‌ಗೆ ವರ್ಷದ ದೊಡ್ಡ ದಿನವೆಂದರೆ ಬೇಸಿಗೆಯ ಬುಕಿಂಗ್. ಮೊದಲು ಬರೆಸಿದವರಿಗೆ ಮೊದಲ ಮಾಲು. ಆ ದಿನ ಯಾವಾಗಲೂ ಶುಕ್ರವಾರವೇ ಆಗಬೇಕು, ಅದು ಕಂಪನಿಯ ಮಾಲೀಕರಾದ ಸಾಹುಕಾರರ ಪದ್ಧತಿ. ಆದರೆ ಶುಕ್ರವಾರ ಬುಕಿಂಗ್ ತೆರೆಯುವ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅಲ್ಲಿಯವರೆಗೆ ಒಬ್ಬ ಡೀಲರೂ ತನ್ನ ಹೆಸರಿನ ಆರ್ಡರು ಬರೆಯಲು ಬಿಡುವುದಿಲ್ಲ. ಹನ್ನೆರಡು ಬಡಿಯಿತೋ, ಎಲ್ಲರೂ ಒಟ್ಟಿಗೆ ಬಿದ್ದರು. ಜಗತ್ತಿನ ಬೇರೆ ಸರ್ವರುಗಳು ಇಡೀ ದಿನದಲ್ಲಿ ಹೊರುವ ಭಾರವನ್ನು ನಾನು ಊಟದ ಹೊತ್ತಿನೊಳಗೆ ಹೊರಬೇಕು. ಕಳೆದ ವರ್ಷ ನನ್ನ ಕೈಲಾಗಲಿಲ್ಲ. ಏದುಸಿರು ಬಿಟ್ಟೆ, ಕುಸಿದೆ. ಅರ್ಧ ಟೈಪಿಸಿದ ಆರ್ಡರುಗಳೆಲ್ಲ ಹೋದವು, ಡೀಲರುಗಳು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು.

ಸಾಹುಕಾರರು ಆಗ ಸುಮ್ಮನಿದ್ದರು. ಈ ವರ್ಷ ಬುಕಿಂಗ್ ಹತ್ತಿರ ಬಂದಾಗ ನೀಲಗಂಗಾಳನ್ನೂ ಶಿರೂರ ಸರ್ ಅವರನ್ನೂ ಕರೆದು ಖಡಾಖಂಡಿತ ಹೇಳಿದರು: ಹೊಸ ಮಷೀನು ಕೊಡಿಸುತ್ತೇನೆ, ಆದರೆ ಆ ದಿನ ಮತ್ತೆ ಕೈಕೊಟ್ಟರೆ ಮನೆಯಿಂದ ಮಾಡುವ ಕೆಲಸ ಬಂದ್, ಆರ್ಡರಿನವರೆಲ್ಲ ಹುಬ್ಬಳ್ಳಿಗೆ ಬಂದು ಕೂರಬೇಕು. ನೀಲಗಂಗಾ ಗಾಜಿನ ಕೋಣೆಗೆ ಬಂದು ಸ್ಪೀಕರ್ ಹಾಕಿ ಶಾಹೀನಳಿಗೆ ಫೋನು ಮಾಡಿದಳು. ಆ ಮಾತು ನಾನೂ ಕೇಳಿದೆ.

"ಕೂಸನ್ನ ಬಿಟ್ಟು ದಿನಾ ಹುಬ್ಬಳ್ಳಿಗೆ ಓಡಾಡೂದು ಆಗೂದಿಲ್ಲ ನೀಲಕ್ಕ. ಕೆಲಸಾನ ಬಿಡಬೇಕಾಕ್ಕೈತಿ," ಎಂದಳು ಶಾಹೀನ್. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಅದಕ್ಕೇ ನೀಲಗಂಗಾಳಿಗೆ ಇನ್ನಷ್ಟು ಸಂಕಟವಾಯಿತು.

ಹೊಸ ಮಷೀನು ಬಂತು. ನನಗಿಂತ ದೊಡ್ಡದು, ಮೈ ತಣ್ಣಗೆ, ಮಾತು ಕಡಿಮೆ. ನನ್ನ ಕೆಳಗಿನ ಖಾನೆಯಲ್ಲಿ ಕೂತಿತು. ಅದನ್ನು ಚಾಲೂ ಮಾಡಿದ ಗಳಿಗೆ ಎಂಥದ್ದೋ, ಅದೇ ಮಧ್ಯಾಹ್ನ ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಯಿತು, ಸಾಹುಕಾರರು ಕತ್ತಲಲ್ಲಿ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡರು. ಮುಗಿಯಿತಲ್ಲ ಕಥೆ! ಮನೆಗೆ ಬಂದ ಹೊಸ ಸೊಸೆಯ ಬಗ್ಗೆ ಆಡುವ ಮಾತನ್ನೆಲ್ಲ ಆ ಬಡಪಾಯಿಯ ಬಗ್ಗೆ ಆಡಿದರು.

ನೀಲಗಂಗಾ ಯಾವುದಕ್ಕೂ ಕಿವಿಗೊಡದೆ ತನ್ನ ಕೆಲಸ ಮಾಡಿದಳು. ನಮ್ಮಿಬ್ಬರಿಗೂ ಸೇರಿ, ವಿಳಾಸದ ಹಾಗೆ ಟೈಪಿಸುವ ಒಂದು ಹೊಸ ಹೆಸರು ಕೊಟ್ಟಳು, ಅದೇ ಇನ್ನು ಮೇಲೆ ಕಂಪನಿಯ ಹೆಬ್ಬಾಗಿಲು. ಆ ಹೆಸರು ಹಿಡಿದು ಯಾರೇ ಬಂದರೂ ನಮ್ಮಲ್ಲಿ ಯಾರ ಮೇಲೆ ಹೊರೆ ಕಡಿಮೆಯೋ ಅವರ ಕಡೆ ಕಳಿಸುವುದು. ಹೊಸದು ಗಟ್ಟಿ, ಅದಕ್ಕೆ ಪಾಲು ಹೆಚ್ಚು. ನನಗೆ ವಯಸ್ಸಾಗಿದೆ, ನನಗೆ ಕಡಿಮೆ. ನಾವಿಬ್ಬರೂ ಗಳಿಗೆಗೊಮ್ಮೆ ಒಬ್ಬರನ್ನೊಬ್ಬರು "ಇದ್ದೀಯಾ?" ಎಂದು ಕೇಳಿಕೊಳ್ಳಬೇಕು. ಉತ್ತರ ಬರದಿದ್ದರೆ ಉಳಿದವರು ಪೂರ್ತಿ ಹೊರೆ ಹೊರಬೇಕು. ಇದೇ ಲೋಡ್ ಬ್ಯಾಲೆನ್ಸಿಂಗ್. ಹೊಸ ಹೆಸರನ್ನು ಎಲ್ಲರಿಗೂ ತಿಳಿಸಿ, ಬುಕಿಂಗಿಗೆ ಒಂದು ವಾರ ಮೊದಲು ಒಂದು ತಾಲೀಮು ಇಟ್ಟುಕೊಂಡಳು. ಹೇಳಿದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಒಳಗೆ ಬರಬೇಕು, ಅಷ್ಟೇ.

ಬಂದರು. ಅಯ್ಯೋ ಶಿವನೇ, ಎಲ್ಲರೂ ನನ್ನ ಮೇಲೇ ಬಂದರು! ಕೆಳಗಿನ ಖಾನೆಯಲ್ಲಿ ಅದು ಆರಾಮಾಗಿ ಕೂತಿದೆ, ಇಲ್ಲಿ ನನಗೆ ಜೀವ ಬಾಯಿಗೆ ಬಂದಿದೆ. ಅವತ್ತೇ ನನ್ನ ಫ್ಯಾನು ಕಟಕಟ ಸದ್ದು ಶುರುಮಾಡಿದ್ದು. ನೀಲಗಂಗಾ ಮಾಡಿದ್ದನ್ನೆಲ್ಲ ಮತ್ತೆ ಮೊದಲಿಂದ ನೋಡಿದಳು. ಒಂದು ತಪ್ಪೂ ಇಲ್ಲ. ಕೊನೆಗೆ ಫೋನು ಎತ್ತಿಕೊಂಡಳು.

"ಶಾಹೀನ್, ಖರೇ ಹೇಳು. ಯಾವ ಹೆಸರು ಹೊಡದು ಒಳಗ ಬಂದಿ?"

"ಹಳೇದ್ರದ್ದ ಅಕ್ಕ. ಎಲ್ಲಾರೂ ಅದನ್ನ ಹೊಡದೇವಿ. ನೀವು ಕೊಟ್ಟ ಹೆಸರು ಹೊಡದ್ರ ಹೊಸದ್ರ ಕೈಗೆ ಹಾಕಿಬಿಡ್ತೈತಿ ಅಂದ್ರು. ಅದ್ರ ಕಾಲ್ಗುಣ ಚಲೋ ಇಲ್ಲಂತ."

ವಾಟ್ಸಾಪ್ ಗುಂಪಿನಲ್ಲಿ ನನ್ನ ಸ್ವಂತ ಹೆಸರು ಪ್ರಸಾದದಂತೆ ಕೈಯಿಂದ ಕೈಗೆ ಹಂಚಿಕೆಯಾಗಿತ್ತು. ಹೆಬ್ಬಾಗಿಲು ಬಿಟ್ಟು ಎಲ್ಲರೂ ನೇರವಾಗಿ ನನ್ನ ಹಿತ್ತಲ ಬಾಗಿಲಿಗೆ ಬಂದರೆ ಯಾವ ಹಂಚಿಕೆ ತಾನೇ ನಡೆದೀತು? ಅದನ್ನು ಗುಂಪಿಗೆ ಮೊದಲು ಹಾಕಿದ್ದು ಯಾರು ಅಂತೀರಿ? ನಮ್ಮ ಶಿರೂರ ಸರ್! ಐ.ಟಿ. ವಿಭಾಗದ ಮ್ಯಾನೇಜರು! ನನ್ನ ಮೈ ಉರಿದುಹೋಯಿತು. ಹೊಗಳಿ ಹೊಗಳಿ ಕೊಲ್ಲುವುದು ಎಂದರೆ ಇದೇ.

ನೀಲಗಂಗಾ ಅವರೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ ಎಂದು ಕಾದೆ. ನಿಲ್ಲಲಿಲ್ಲ. ಮೊದಲು ನನ್ನ ಹಿತ್ತಲ ಬಾಗಿಲು ಮುಚ್ಚಿದಳು, ಇನ್ನು ಹೆಬ್ಬಾಗಿಲೊಂದೇ ದಾರಿ. ಆದರೆ ಬಾಗಿಲು ಮುಚ್ಚಿದರೆ ಮನಸ್ಸಿನ ಹೆದರಿಕೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಎಲೆ ಅಡಿಕೆ ಎಲ್ಲ ತಂದು ಹೊಸ ಮಷೀನಿಗೆ ಉಡಿ ತುಂಬಿದಳು. ಒಂದು ಕಾಳೂ ಒಳಗೆ ಬೀಳಬಾರದೆಂದು ತಟ್ಟೆಯನ್ನು ಗಾಜಿನ ಹೊರಗೆ ಸ್ಟೂಲಿನ ಮೇಲಿಟ್ಟು, ಐದು ಜನ ಮುತ್ತೈದೆಯರನ್ನು ಕರೆದು, ಶಿರೂರ ಸರ್ ಕೈಯಲ್ಲೇ ಫೋಟೋ ತೆಗೆಸಿ ಅದೇ ಗುಂಪಿಗೆ ಹಾಕಿಸಿದಳು. ಸರ್ ಮುಖ ನೋಡಬೇಕಿತ್ತು. ನಾನು ಬಂದಾಗ ಒಂದು ಊದಿನಕಡ್ಡಿಯನ್ನೂ ಹಚ್ಚಿರಲಿಲ್ಲ ಅನ್ನುವುದು ಬೇರೆ ಮಾತು.

ಶುಕ್ರವಾರ ಬಂತು. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇರುವಾಗ ಸಾಹುಕಾರರು ಕುಂಟುತ್ತ ಬಂದು ಗಾಜಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಹನ್ನೆರಡು ಬಡಿಯಿತು. ಅಬ್ಬಾ, ಆ ನೂಕುನುಗ್ಗಲು! ಬೆಳಗಾವಿ, ರಾಣೆಬೆನ್ನೂರು, ಗದಗ, ಬಾಗಲಕೋಟೆ, ಎಲ್ಲ ಕಡೆಯಿಂದ ಒಟ್ಟಿಗೆ ಹೆಬ್ಬಾಗಿಲಿಗೆ ಬಂದು ಬಿದ್ದರು. ಒಬ್ಬರು ನನ್ನ ಕಡೆ, ಇಬ್ಬರು ಅದರ ಕಡೆ. ಮತ್ತೆ ಒಬ್ಬರು ನನ್ನ ಕಡೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಆ ಹೊತ್ತಿನಲ್ಲಿ ನನಗೆ ಉಸಿರಾಡಲು ಆಗುತ್ತಿತ್ತು. ಆರ್ಡರುಗಳು ಸಾಲಾಗಿ ಒಳಗೆ ಹೋಗುತ್ತಿದ್ದವು. ಶಿರೂರ ಸರ್ ಪರದೆ ನೋಡುತ್ತ ಹಣೆ ಒರೆಸಿಕೊಳ್ಳುತ್ತಿದ್ದರು.

ಆಗಲೇ ನನ್ನ ಫ್ಯಾನು ನಿಂತಿತು. ತಾಲೀಮಿನ ದಿನ ತಿಂದ ಪೆಟ್ಟು ಅದು. ಹೊಸ ಫ್ಯಾನಿಗೆ ಬರೆದಿದ್ದರೂ ಇನ್ನೂ ಬಂದಿರಲಿಲ್ಲ. ಒಳಗೆ ಕಾವು ಏರತೊಡಗಿತು, ನನ್ನ ಒಂದು ದೀಪ ಕೆಂಪಾಯಿತು. ನೀಲಗಂಗಾ ತಕ್ಷಣ ನೋಡಿದಳು. ನನ್ನ ಮೇಲಿರುವವರನ್ನೆಲ್ಲ ಹೊಸದಕ್ಕೆ ದಾಟಿಸಿ ನನ್ನನ್ನು ಆರಿಸುತ್ತೇನೆ ಎಂದಳು.

"ಬ್ಯಾಡ್ರೀ ಮೇಡಂ, ಇವತ್ತೊಂದಿನ ಹಳೇದು ಎಳೀತೈತಿ. ಎಲ್ಲಾ ಹೊಸದ್ರ ಮ್ಯಾಲೆ ಹಾಕಬ್ಯಾಡ್ರಿ," ಎಂದರು ಶಿರೂರ ಸರ್. ಸಾಹುಕಾರರು ನೀಲಗಂಗಾಳ ಮುಖ ನೋಡಿದರು.

"ಎಳಿಯೂದಿಲ್ರೀ ಸರ. ತಾನಾಗೇ ಬಿದ್ರ ಅರ್ಧಾ ಬರದದ್ದೆಲ್ಲಾ ಹೋಗ್ತಾವ. ನಾವಾಗೇ ದಾಟಿಸಿದ್ರ ಒಂದೂ ಹೋಗೂದಿಲ್ಲ," ಎಂದಳು ನೀಲಗಂಗಾ. ಅಷ್ಟು ಹೇಳಿ, ಹೊಸದಾಗಿ ಬರುವ ಒಬ್ಬರನ್ನೂ ನನ್ನ ಕಡೆ ಕಳಿಸಬಾರದೆಂದು ಹೆಬ್ಬಾಗಿಲಿಗೆ ಆಜ್ಞೆ ಕೊಟ್ಟಳು. ನನ್ನ ಮೇಲಿದ್ದವರು ಒಂದು ಆರ್ಡರು ಮುಗಿಸಿ ಹೊರಬಂದು ಮತ್ತೆ ಬಂದರೆ ಸಾಕು, ಹೊಸದರ ಮೇಲೆ ಇರುತ್ತಿದ್ದರು. ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಉಳಿದವಳು ಶಾಹೀನ್ ಒಬ್ಬಳೇ. ಅವಳ ಪರದೆಯ ಮೇಲೆ ಮುಧೋಳದ ಡೀಲರನದು, ಆ ದಿನದ ಎಲ್ಲಕ್ಕಿಂತ ಉದ್ದದ ಆರ್ಡರು, ಅರ್ಧ ಟೈಪಿಸಿದ್ದಾಗಿತ್ತು. ಮುಗಿಯುವವರೆಗೆ ನಾನು ಬದುಕುತ್ತಿರಲಿಲ್ಲ. ನನ್ನ ಮೈ ಮುಟ್ಟಿದರೆ ಕೈ ಸುಡುತ್ತಿತ್ತು.

"ಶಾಹೀನ್, ಈಗ ಎಷ್ಟು ಬರದೀಯೋ ಅಷ್ಟನ್ನ ಸೇವ್ ಮಾಡಿ ಹೊರಗ ಬಾ. ಮತ್ತ ಒಳಗ ಬಾ. ಹೊಸದು ತಗೋತೈತಿ," ಎಂದಳು ನೀಲಗಂಗಾ ಫೋನಿನಲ್ಲಿ.

"ಹೊರಗ ಬಂದ್ರ ಒಳಗ ಬಿಡ್ತೈತೇನಕ್ಕ? ನಂದು ಇದೊಂದರ ಮ್ಯಾಲೆ ನಿಂತೈತಿ."

"ಗೊತ್ತೈತಿ ನನಗ. ಬಾ ನೀ."

ಅವಳು ಹೊರಗೆ ಹೋದಳು. ನನ್ನ ಬಾಗಿಲು ಪೂರ್ತಿ ಖಾಲಿಯಾಯಿತು. ಕೆಳಗಿನಿಂದ "ಇದ್ದೀಯಾ?" ಎಂದು ಅದು ಕೇಳಿದ್ದು ಕೇಳಿಸಿತು. "ಇದ್ದೇನೆ, ಅವಳನ್ನು ನೋಡಿಕೋ," ಎನ್ನುವಷ್ಟರಲ್ಲಿ ನೀಲಗಂಗಾಳ ಬೆರಳು ನನ್ನ ಗುಂಡಿ ಒತ್ತಿತು.

ಆಮೇಲಿನದನ್ನು ನೀಲಗಂಗಾ ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದಾಳೆಂದರೆ ನನಗೂ ಬಾಯಿಪಾಠವಾಗಿದೆ. ಶಾಹೀನ್ ಹೆಬ್ಬಾಗಿಲಿಗೆ ಬಂದಳು, ಹೊಸದು ತಟ್ಟನೆ ಒಳಗೆ ಕರೆದುಕೊಂಡಿತು, ಅರ್ಧ ಆರ್ಡರು ಬಿಟ್ಟಲ್ಲೇ ಕಾಯುತ್ತಿತ್ತು. ಮುಧೋಳದವರಿಗೆ ಏನೂ ಗೊತ್ತೇ ಆಗಲಿಲ್ಲ, ಕೂಸು ಅಳುತ್ತಿದೆಯಲ್ಲ ಎಂದು ಕೇಳಿದರಂತೆ, ಅಷ್ಟೇ. ಸಂಜೆಯವರೆಗೆ ಹೊಸದು ಒಂದೇ ಎಲ್ಲರನ್ನೂ ಹೊತ್ತು ನಿಂತಿತು. ಒಬ್ಬರ ಸಂಪರ್ಕವೂ ಕಡಿಯಲಿಲ್ಲ. ಸಂಪಿಗೆ ಪಂಪ್ಸ್‌ನ ಚರಿತ್ರೆಯಲ್ಲಿ ಅಂಥ ಬುಕಿಂಗ್ ಹಿಂದೆ ಆಗಿರಲಿಲ್ಲ. ಸಾಹುಕಾರರು ಕುರ್ಚಿಯಿಂದ ಎದ್ದು, "ಹುಡುಗ್ಯಾರು ಮನ್ಯಾಗಿಂದನ ಮಾಡ್ಲಿ. ಇನ್ನ ಆ ಮಾತು ಎತ್ತೂದಿಲ್ಲ," ಎಂದರು. ಶಿರೂರ ಸರ್ ಪೇಢೆ ತರಿಸಿ ಮೊದಲನೆಯದನ್ನು ಹೊಸ ಮಷೀನಿನ ಮುಂದಿಟ್ಟರು. ಹೊಸದರ ಕಾಲ್ಗುಣ ತಾವು ಮೊದಲೇ ಗುರುತಿಸಿದ್ದಾಗಿ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ ಬಿಡಿ.

ನನಗೆ ಹೊಸ ಫ್ಯಾನು ಬಂತು, ಆದರೆ ನನ್ನ ಜಾಗಕ್ಕೆ ಇನ್ನೊಂದು ಗಟ್ಟಿ ಮಷೀನೂ ಬಂತು. ಈಗ ನಾನು ನೀಲಗಂಗಾಳ ಮೇಜಿನ ಪಕ್ಕದ ಕಪಾಟಿನ ಮೇಲಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಕಲಿಸುವಾಗ ನನ್ನ ಮುಚ್ಚಳ ಬಿಚ್ಚುತ್ತಾಳೆ. ಬೇಜಾರೇನೂ ಇಲ್ಲ. ಒಂಟಿಯಾಗಿ ಎಷ್ಟು ವರ್ಷ ಹೊತ್ತೆ ಅನ್ನುವುದಕ್ಕಿಂತ ಆ ಒಂದು ಮಧ್ಯಾಹ್ನ ಇಬ್ಬರಾಗಿ ಹೊತ್ತದ್ದೇ ನನಗೆ ಹೆಚ್ಚು ಹೆಮ್ಮೆ. ಆರಿಸಿದಾಗಲೂ ಸೋತೆನೆಂದು ಅನ್ನಿಸಲಿಲ್ಲ, ಗೆದ್ದೆ ಅನ್ನಿಸಿತು.

ಮೊನ್ನೆ ಶಾಹೀನ್ ಏನೋ ಕೆಲಸಕ್ಕೆ ಹುಬ್ಬಳ್ಳಿಗೆ ಬಂದವಳು ಕಚೇರಿಗೂ ಬಂದಳು. ಇಷ್ಟು ವರ್ಷ ಬರೀ ಬೆರಳುಗಳಿಂದ ಪರಿಚಯವಿದ್ದವಳ ಮುಖ ನೋಡಿದ್ದು ಆಗಲೇ. ಹಳೇದು ಯಾವುದು ಎಂದು ಕೇಳಿ ನನ್ನ ಮುಂದೆ ಬಂದು ನಿಂತಳು. ಕೂಸು ಅವಳ ಕೈ ಬಿಡಿಸಿಕೊಂಡು ತಾನೇ ನಡೆದು ಬಂದು, ಕಪಾಟು ಹಿಡಿದು ನಿಂತಿತು. ಯಾವಾಗಿನಿಂದ ನಡೆಯುತ್ತದೆ ಎಂದು ನೀಲಗಂಗಾ ಕೇಳಿದಳು.

"ಹ್ವಾದ ತಿಂಗಳಿಂದ ಅಕ್ಕ," ಎಂದಳು ಶಾಹೀನ್. "ಆರ್ಡರು ಬರೀತಿದ್ನಿ. ಗ್ವಾಡಿ ಬಿಟ್ಟು ಸೀದಾ ನನ್ನ ಕಡೆ ಬಂತು. ಮೊದಲನೇ ಹೆಜ್ಜಿ ಇಟ್ಟಾಗ ನಾ ಮನ್ಯಾಗ ಇದ್ನಿ."