ಚಮಚದ ಊಟ

ರಾಮಪ್ರಸಾದರು ಊಟಕ್ಕೆ ಚಮಚ ಕೇಳಿದ ದಿನ ಸತ್ಯವತಿ ನಕ್ಕುಬಿಟ್ಟಿದ್ದಳು. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಆಯಸ್ಸು ಸವೆಸಿದ ಗಂಡ, ಸಾರನ್ನವನ್ನು ಕೈಯಲ್ಲಿ ಕಲಸದೆ ಉಂಡವರೇ ಅಲ್ಲ. "ಏನ್ರೀ, ರಿಟೈರ್ ಆದ್ಮೇಲೆ ದೊರೆ ಆಗ್ಬಿಟ್ರಾ?" ಎಂದು ಛೇಡಿಸಿದಳು. ಅವರು ಚಳಿಯ ನೆಪ ಹೇಳಿ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡರು. ಪಾಪ, ಕಾಯಿಲೆ ಮನುಷ್ಯ, ಹೇಗೋ ಒಂದಿಷ್ಟು ಹೊಟ್ಟೆಗೆ ಹೋದರೆ ಸಾಕೆಂದು ಚಮಚ ತಂದುಕೊಟ್ಟಳು.

ಅವರ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಬಿಡುವ ಚಿಕಿತ್ಸೆ ಆ ವಾರವೇ ಆಗಬೇಕಿತ್ತು. ಆದರೆ ಡಾಕ್ಟರ್ ಸುಕೃತಿ ಹೊಸ ರಿಪೋರ್ಟ್ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಹೋದ್ಸಲ ರಕ್ತ ಚೆನ್ನಾಗಿತ್ತು. ಈಗ ಸಿಆರ್‌ಪಿ ಏರಿದೆ, ಬಿಳಿ ಕಣಗಳೂ ಜಾಸ್ತಿ ಆಗಿವೆ. ಮೈಯಲ್ಲೆಲ್ಲೋ ಉರಿಯೂತ ಇದೆ ಅಂತರ್ಥ. ಅದು ಗಡ್ಡೆಯಿಂದಲೇ ಬಂದಿದ್ರೆ ಈ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ ಆಗದೆ ಇರಬಹುದು. ಬೇರೆಲ್ಲಾದ್ರೂ ಕೀವು, ಗಾಯ ಇದ್ಯಾ ಸಾರ್?"

"ಇಲ್ಲ," ಎಂದರು ರಾಮಪ್ರಸಾದರು ತಟ್ಟನೆ.

ಸತ್ಯವತಿ ಗಂಡನ ಕಡೆ ತಿರುಗಿದಳು. ಮರುಗಳಿಗೆ ಅನುಮಾನ ಬಂತು. ಕಾಫಿ ಬೇಕಾ ಅಂದರೂ ಯೋಚಿಸಿ ಹೇಳುವ ಮನುಷ್ಯ ಇವರು. ಆಗ ಚಮಚ ನೆನಪಾಯಿತು.

"ಜೇಬಿಂದ ಕೈ ತೆಗೀರಿ."

ಬಲಗೈಯ ತೋರುಬೆರಳು ಕೆಂಪಗೆ ಊದಿ ಕೀವು ಕಟ್ಟಿತ್ತು. ಹಿತ್ತಲ ನಿಂಬೆಗಿಡದ ಮುಳ್ಳು. ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದ ಕೈ ಎಂಬ ಹಮ್ಮಿನಲ್ಲಿ, ವಾಚ್ ರಿಪೇರಿಯ ಹಳೇ ಚಿಮಟದಿಂದ ತಾವೇ ಕೆದಕಿ ತೆಗೆದಿದ್ದರಂತೆ.

"ಹೇಳಿದ್ರೆ ನೀನು ಗಿಡ ಕಡಿಸ್ತಿದ್ದೆ."

"ಕಡಿಸದೆ ಪೂಜೆ ಮಾಡ್ಲಾ? ಆ ನಿಂಬೆಹಣ್ಣು ಯಾರಿಗೆ ಬೇಕಿತ್ತು?"

"ನಿನಗೆ," ಎಂದರು ಅವರು ನೆಲ ನೋಡುತ್ತ. "ಡಾಕ್ಟ್ರು ನಂಗೆ ಉಪ್ಪು ಬಿಡಿಸಿದಾಗಿಂದ ನೀನೂ ಬಿಟ್ಟಿದ್ದೀಯ. ಆಮೇಲೆ ಉಪ್ಪು ಹಾಕ್ಕೊಂಡು ತಿಂತೀನಿ ಅಂತ ಸುಳ್ಳು ಬೇರೆ. ಹುಳಿನಾದ್ರೂ ಇರ್ಲಿ ಅಂತ ಕೀಳೋಕೆ ಹೋದೆ ಸತ್ಯಾ."

ಸತ್ಯವತಿ ಅವರ ಊದಿದ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ಡಾಕ್ಟರ್ ಕಂಪ್ಯೂಟರ್ ಕಡೆ ತಿರುಗಿ ಕೂತರು.

ಕೀವು ತೆಗೆಸಿ, ಮಾತ್ರೆ ಮುಗಿಸಿ, ಮತ್ತೆ ರಕ್ತ ಕೊಟ್ಟು ಬಂದರು. ಸಿಆರ್‌ಪಿ ಇಳಿದಿತ್ತು. "ಏರಿದ್ದು ಬೆರಳಿನ ಕೀವಿಂದ್ಲೇ. ಚಿಕಿತ್ಸೆ ಫಲ ಕೊಡುತ್ತೆ ಅಂತ ಗ್ಯಾರಂಟಿ ಇಲ್ಲ ಮೇಡಂ. ಆದ್ರೆ ಧೈರ್ಯವಾಗಿ ಶುರು ಮಾಡೋಣ," ಎಂದು ಡಾಕ್ಟರ್ ಚಿಕಿತ್ಸೆಗೆ ದಿನ ಕೊಟ್ಟರು.

ಆ ಮಧ್ಯಾಹ್ನ ರಾಮಪ್ರಸಾದರು ಕೈಯಿಂದಲೇ ಅನ್ನ ಕಲಸಿದರು. ಆಮೇಲೆ ಉಪ್ಪಿನ ಬಟ್ಟಲನ್ನು ಹೆಂಡತಿಯತ್ತ ತಳ್ಳಿದರು.

"ಹಾಕ್ಕೋ. ನಾನು ನೋಡ್ಬೇಕು."

ಅವಳು ಚಿಟಿಕೆ ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಕಣ್ಣಲ್ಲಿ ಬಳಬಳ ನೀರು ಸುರಿಯಿತು.

"ಏನಾಯ್ತೇ?"

"ಉಪ್ಪು ಜಾಸ್ತಿ ಆಯ್ತು ಕಣ್ರೀ."

ರಾಮಪ್ರಸಾದರು ಅವಳ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿದರು.