ಮೇಘಾಳ ಚೀಲದ ಪಟ್ಟಿ

ಮಗಳು ಮೇಘಾ ಆನೆಗಳ ಜಾಡು ಹಿಡಿಯುವ ತಂಡ ಸೇರಿದ ಮೇಲೆ ಭೂತಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗ್ಗೆ ಊರಿನ ಸುತ್ತಮುತ್ತ ಆನೆ ಯಾವ ಕಾಫಿ ತೋಟದಲ್ಲಿದೆ ಎಂದು ಹುಡುಕಿ, ಆಳುಗಳು ಕೆಲಸಕ್ಕೆ ಇಳಿಯುವ ಮೊದಲೇ ಫೋನಿನಲ್ಲಿ ತಿಳಿಸುವುದು ಮೇಘಾಳ ಕೆಲಸ. ಅವಳ ಬೈಕಿನ ಸದ್ದು ತಿರುವಿನಲ್ಲಿ ಅಡಗಿದರೆ ಸಾಕು, ಭೂತಮ್ಮ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು.

ಕೊನೆಗೆ ಹೆಣಿಗೆ ಕಡ್ಡಿ ಹಿಡಿದಳು. ಮಗಳು ದಿನವೂ ನೀರು, ಬುತ್ತಿ, ಮಳೆಕೋಟು ಹೊರುವ ರೆಕ್ಸಿನ್ ಚೀಲ ಕಿತ್ತುಹೋಗಿತ್ತು. ಭೂತಮ್ಮ ದಪ್ಪ ಹತ್ತಿ ದಾರಕ್ಕೆ ನೈಲಾನ್ ಎಳೆ ಸೇರಿಸಿ ಹೊಸ ಚೀಲವೊಂದನ್ನು ಬಿಗಿಯಾಗಿ ಹೆಣೆದಳು. ಭಾರಕ್ಕೆ ಜೋತುಬಿದ್ದಾಗ ಬಿಚ್ಚಿ ಮತ್ತೆ ಹೆಣೆದಳು. ಹೆಗಲ ಪಟ್ಟಿಯನ್ನು ಎರಡು ಪದರ ಮಾಡಿ, ಚೀಲದ ತಳದವರೆಗೂ ಇಳಿಸಿ ಹೊಲಿದಳು. ಒಳಗೆ ಗುಂಡುಕಲ್ಲು ಹಾಕಿ ತೊಲೆಗೆ ನೇತುಬಿಟ್ಟರೂ ಅದು ಹಿಗ್ಗಲಿಲ್ಲ.

"ಇದು ನನ್ ಮೊಮ್ಮಕ್ಕಳ ಕಾಲಕ್ಕೂ ಹರಿಯಾಕಿಲ್ಲ ಕಣವ್ವ," ಎಂದು ನಕ್ಕ ಮೇಘಾ ಚೀಲವನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡು ಹೊರಟಳು.

ಅದೇ ವಾರ ಒಂದು ಮಧ್ಯಾಹ್ನ ತಂಡದ ಯೋಗೇಶ್ ಅವಳನ್ನು ಜೀಪಿನಲ್ಲಿ ಕರೆತಂದ. ತೋಳೆಲ್ಲ ತರಚಿ, ಕುತ್ತಿಗೆಯಲ್ಲಿ ಕೆಂಪಗೆ ಬಾಸುಂಡೆ ಎದ್ದಿತ್ತು.

"ಏನಾಯ್ತೋ ಯೋಗೇಶಾ?"

"ಒಂಟಿ ಸಲಗ ಅಟ್ಟಿಸ್ಕಂಡ್ ಬಂತು ಕಣಕ್ಕಾ. ಓಡೋವಾಗ ಇವ್ಳ ಚೀಲ ಕಾಫಿ ಗಿಡಕ್ಕೆ ಸಿಕ್ಕಾಕ್ಕಂಡ್ಬುಡ್ತು. ಎಷ್ಟ್ ಎಳುದ್ರೂ ಹರೀಲಿಲ್ಲ. ಪಟ್ಟಿಯಿಂದ ತಲೆ ಈಚೆಗ್ ತೂರ್ಸಿ ಚೀಲ ಬುಟ್ಟು ಬಂದ್ಲು, ಪುಣ್ಯ."

ಆನೆ ಹೋದ ಮೇಲೆ ತಂದಿದ್ದ ಚೀಲವನ್ನು ಅವನು ಜಗಲಿಯ ಮೇಲಿಟ್ಟ. ಒಂದು ಎಳೆಯೂ ಕಿತ್ತಿರಲಿಲ್ಲ. ಭೂತಮ್ಮ ಅದನ್ನು ಬಾಚಿಕೊಂಡು ಒಳಗೆ ಹೊರಟಳು.

"ಒಲೆಗಾಕ್ತೀನಿ ಇದ್ನ! ನೀನೂ ನಾಳೆಯಿಂದ ಹೋಗ್ಬ್ಯಾಡ!"

ಮೇಘಾ ಚೀಲ ಕಿತ್ತುಕೊಂಡಳು. "ನಾನೋಗ್ದಿದ್ರೆ ಹಣ್ಣು ಕುಯ್ಯೋಕೋಗೋರ್ಗೆ ಆನೆ ಐತೆ ಅಂತ ಯಾರವ್ವ ಹೇಳೋದು? ಚೀಲ ಗಟ್ಟಿ ಐತೆ, ಅದ್ರಲ್ಲಿ ತಪ್ಪಿಲ್ಲ. ಎಳುದ್ರೆ ಬಿಟ್ಕಳೋ ಜಾಗ ಒಂದು ಮಾಡ್ಕೊಡು."

ಭೂತಮ್ಮ ಮರುದಿನ ಬೆಳಿಗ್ಗೆ ಕತ್ತರಿ ತಂದು, ಅಷ್ಟು ಬಿಗಿಯಾಗಿ ಹೆಣೆದಿದ್ದ ಪಟ್ಟಿಯನ್ನು ಹೆಗಲ ಹತ್ತಿರ ಕತ್ತರಿಸಿದಳು. ಒಂದು ತುದಿಗೆ ಹಳೆಯ ಕೋಟಿನ ದೊಡ್ಡ ಗುಂಡಿ, ಇನ್ನೊಂದಕ್ಕೆ ಕುಣಿಕೆ. ಮಗಳಿಗೆ ತೊಡಿಸಿ, ಹಿಂದಿನಿಂದ ಪಟ್ಟಿ ಹಿಡಿದು, "ಓಡು," ಎಂದಳು. ಗುಂಡಿ ಬಿಡಲಿಲ್ಲ, ಮೇಘಾ ಮುಗ್ಗರಿಸಿದಳು. ಕುಣಿಕೆ ಬಿಚ್ಚಿ ಸಡಿಲವಾಗಿ ಹೆಣೆದರೆ ನೀರಿನ ಬಾಟಲಿಯ ಭಾರಕ್ಕೇ ಜಾರಿತು. ಬಿಚ್ಚಿದಳು, ಹೆಣೆದಳು, ಮತ್ತೆ ಅಂಗಳಕ್ಕೆ ಕರೆದಳು. ಕೊನೆಗೊಮ್ಮೆ ಭಾರವನ್ನು ತಡೆದ ಗುಂಡಿ, ಜಗ್ಗಿದ ಕೂಡಲೇ ಟಪ್ಪನೆ ಕಳಚಿತು.

ಗಾಯ ಮಾಗಿದ ಮೇಲೆ ಮೇಘಾ ಕೆಲಸಕ್ಕೆ ಹೊರಟಳು. ಬೈಕಿನ ಕೀ ತಿರುಗಿಸುವಷ್ಟರಲ್ಲಿ ಭೂತಮ್ಮ ಹಿಂದಿನಿಂದ ಬಂದು ಪಟ್ಟಿಯನ್ನು ಜೋರಾಗಿ ಜಗ್ಗಿಬಿಟ್ಟಳು. ಗುಂಡಿ ಕಳಚಿ ಚೀಲ ನೆಲಕ್ಕೆ ಬಿತ್ತು. ಬುತ್ತಿ ಡಬ್ಬಿಯ ಮುಚ್ಚಳ ಉರುಳಿತು.

"ಅವ್ವಾ! ಸಾರೆಲ್ಲ ಚೆಲ್ಲೋಯ್ತಲ್ಲ!"

"ಚೆಲ್ಲೋಗ್ಲಿ," ಎಂದು ಭೂತಮ್ಮ ಡಬ್ಬಿ ಎತ್ತಿಕೊಂಡು, ಮತ್ತೆ ತುಂಬಿಸಲು ಒಳಗೆ ಹೋದಳು.